ಸಬ್‌ವೇ ಆಚೆಗಿನ ಶಾಲೆ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ "ಹೆಣ್ಣುಮಕ್ಕಳ ಶಿಕ್ಷಣಕ್ಕೆ ಎದುರಾಗುವ ಅಡೆತಡೆಗಳು". ಈ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಮಾತನಾಡುತ್ತಾರೆ. ಬಡತನ, ಬೇಗನೆ ಮದುವೆ, ಪೋಷಕರ ನಿರಾಸಕ್ತಿ ಎಂದು ಪಟ್ಟಿ ಓದುತ್ತೇವೆ, ಚಪ್ಪಾಳೆ ಬೀಳುತ್ತದೆ, ಆಮೇಲೆ ಊಟಕ್ಕೆ ಏಳುತ್ತೇವೆ. ನಾನೂ ಅಂಥದೇ ಒಂದು ಪಟ್ಟಿ ಬರೆದುಕೊಂಡಿದ್ದೆ. ಅಧ್ಯಕ್ಷರ ಅಪ್ಪಣೆ ಪಡೆದು ಅದನ್ನು ಬದಿಗಿಟ್ಟಿದ್ದೇನೆ. ಇಂದು ಒಂದೇ ಒಂದು ಅಡೆತಡೆಯ ಬಗ್ಗೆ ಹೇಳುತ್ತೇನೆ. ಅದರ ಅಗಲ ಮಕ್ಕಳ ಕಾಲಿನಲ್ಲಿ ಸುಮಾರು 40 ಹೆಜ್ಜೆ.

ಬೆಂಗಳೂರಿನ ಹಳೆಯ ಪೇಟೆ ಭಾಗದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಉರ್ದು ಮತ್ತು ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ 7ನೇ ತರಗತಿಯವರೆಗೆ ಮಾತ್ರ ಇದೆ. 8ನೇ ತರಗತಿಗೆ ಮಕ್ಕಳು ಮುಖ್ಯರಸ್ತೆಯ ಆಚೆ ಇರುವ ಪ್ರೌಢಶಾಲೆಗೆ ಹೋಗಬೇಕು. ನಮ್ಮ ಗೇಟಿನಲ್ಲಿ ನಿಂತರೆ ಆ ಶಾಲೆಯ ಮಹಡಿಯ ಮೇಲಿನ ನೀರಿನ ಟ್ಯಾಂಕ್ ಕಾಣುತ್ತದೆ. ಅಷ್ಟು ಹತ್ತಿರ. ನಡುವೆ ಬಸ್ಸು, ಲಾರಿ, ಆಟೋ, ಟೆಂಪೊಗಳ ಸಾಲು. ರಸ್ತೆಯ ಮಧ್ಯದಲ್ಲಿ ಎದೆಯೆತ್ತರದ ಕಬ್ಬಿಣದ ಬೇಲಿ. ದಾಟುವವರಿಗಾಗಿ ಕೆಳಗೆ ಒಂದು ಸಬ್‌ವೇ ಕಟ್ಟಿದ್ದಾರೆ. ಅದು ಯಾವುದು ಎಂದು ನಾನು ಹೇಳುವುದಿಲ್ಲ. ನಿಮ್ಮಲ್ಲಿ ಕೆಲವರು ಈಗಾಗಲೇ ಊಹಿಸಿದ್ದೀರಿ, ಉಳಿದವರಿಗೆ ನಿಮ್ಮ ನಿಮ್ಮ ಬಡಾವಣೆಯ ಸಬ್‌ವೇ ನೆನಪಾದರೂ ಸಾಕು.

ಭಾಷಾ ಶಿಕ್ಷಕಿಯಾದ್ದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದಕ್ಕೆ ಕನ್ನಡದಲ್ಲಿ ಕೆಳಸೇತುವೆ ಅನ್ನುತ್ತಾರೆ, ಸುರಂಗ ಮಾರ್ಗ ಅನ್ನುತ್ತಾರೆ. ಉರ್ದುವಿನಲ್ಲಿ ಜೇರೆ ಜಮೀನ್ ರಾಸ್ತಾ. ತರಗತಿಯಲ್ಲಿ ಸುರಂಗ ಎಂದೆನೋ ಇಲ್ಲವೋ, ಹುಡುಗರೆಲ್ಲ ಟಿಪ್ಪು ಸುಲ್ತಾನರ ಕೋಟೆಯ ಗುಪ್ತದಾರಿಯ ಕಥೆ ಶುರುಮಾಡುತ್ತಾರೆ. ಆದ್ದರಿಂದ ನಾನೂ ಮಕ್ಕಳ ಹಾಗೆ ಸಬ್‌ವೇ ಎಂದೇ ಕರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಜನವರಿಯ ರಸ್ತೆ ಸುರಕ್ಷತಾ ಸಪ್ತಾಹದಲ್ಲಿ 7ನೇ ತರಗತಿಗೆ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ "ರಸ್ತೆ ದಾಟಲು ಸಬ್‌ವೇ ಬಳಸಿರಿ" ಎಂದು ಬರೆದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ಅದರಲ್ಲಿ ಹೋಗಿದ್ದೀರಾ?" ಎಂದು ಕೇಳಿದಳು. ಉದ್ಧಟತನ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಆ ಶಾಲೆಗೆ ಬಂದು ನನಗೆ ಆಗ ನಾಲ್ಕು ವರ್ಷ. ನನ್ನ ಬಸ್ಸು ಈಚೆ ಬದಿಯಲ್ಲೇ ನಿಲ್ಲುತ್ತದೆ. ಒಂದು ದಿನವೂ ಸಬ್‌ವೇಯೊಳಗೆ ಕಾಲಿಟ್ಟಿರಲಿಲ್ಲ. ಆದರೂ "ಹೋಗಿದ್ದೀನಿ, ಕೂತ್ಕೋ" ಎಂದೆ. ಮಕ್ಕಳ ಮುಂದೆ ಸುಳ್ಳು ಹೇಳಿದೆ. ಅದನ್ನು ಇಂದು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಬ್ಬಳೇ ಹೋದೆ. 22 ಮೆಟ್ಟಿಲು. ಹನ್ನೊಂದನೆಯದರ ಹತ್ತಿರ ಒಂದು ತಿರುವು. ತಿರುವಿನಾಚೆ ಏನಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಒಳಗೆ ದೀಪಕ್ಕೆಂದು ಮಾಡಿದ ಹನ್ನೆರಡು ಜಾಗ ಎಣಿಸಿದೆ, ಉರಿಯುತ್ತಿದ್ದವು ಮೂರು. ಮಳೆ ನಿಂತು ತಿಂಗಳುಗಳಾಗಿದ್ದರೂ ಒಂದು ಬದಿಯಲ್ಲಿ ನೀರು ನಿಂತಿತ್ತು. ವಾಸನೆಯ ಬಗ್ಗೆ ಈ ಸಭೆಯಲ್ಲಿ ಹೇಳುವುದು ಬೇಡ. ಗೋಡೆಗೆ ಒರಗಿ ಇಬ್ಬರು ಕೂತಿದ್ದರು. ಅವರು ನನಗೆ ಏನೂ ಅನ್ನಲಿಲ್ಲ, ಬಹುಶಃ ನನ್ನನ್ನು ನೋಡಲೂ ಇಲ್ಲ. ಆದರೆ ಅವರನ್ನು ದಾಟಿಹೋಗುವ ಆ ಎಂಟು ಹತ್ತು ಹೆಜ್ಜೆಯಲ್ಲಿ ನನ್ನ ಉಸಿರು ನಿಂತಂತಾಗಿತ್ತು. ಆಚೆಯ ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದಾಗ ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದಿರುವುದು ಗೊತ್ತಾಯಿತು. ವಾಪಸು ಬರುವಾಗ ಏನು ಮಾಡಿದೆ ಗೊತ್ತೇ? ಬೇಲಿಯಲ್ಲಿ ಯಾರೋ ಎರಡು ಸರಳು ಬಗ್ಗಿಸಿದ್ದರು. ಬಸ್ಸುಗಳಿಗೆ ಕೈ ತೋರಿಸುತ್ತಾ ಜನರ ಜೊತೆ ನಾನೂ ಆ ಸಂದಿಯಲ್ಲಿ ನುಸುಳಿ ಬಂದೆ. ಬೋರ್ಡಿನ ಮೇಲೆ ನನ್ನ ಅಕ್ಷರ ಇನ್ನೂ ಅಳಿಸಿರಲಿಲ್ಲ.

ಸಬ್‌ವೇ ಎಂದರೆ ಇಷ್ಟೇ ಎಂದು ನೀವು ತಿಳಿಯಬಾರದು. ನನ್ನ ಬಾಲ್ಯದಲ್ಲಿ ಅದೊಂದು ಜಾತ್ರೆ. ನಾವು ಶಿಡ್ಲಘಟ್ಟದವರು, ಅಬ್ಬಾ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಮೈಸೂರಿನ ಮಾಮುವಿನ ಮನೆಗೆ ಹೋಗಲು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಸಬ್‌ವೇ ಮೂಲಕ ರೈಲು ನಿಲ್ದಾಣಕ್ಕೆ ನಡೆಯುತ್ತಿದ್ದೆವು. ಅದೊಂದು ಕೆರೆಯಿದ್ದ ಜಾಗ. ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಈಗಿನ ಬಸ್ ನಿಲ್ದಾಣ ಎದ್ದಿರುವುದು. ಕೆಳಗಿಳಿದರೆ ಬೆಲ್ಟು, ಬಾಚಣಿಗೆ, ಪ್ಲಾಸ್ಟಿಕ್ ಆಟಿಕೆ ಮಾರುವವರ ಕೂಗು. ಅಬ್ಬಾನ ಬೆರಳು ಹಿಡಿದು ಜನರ ಮಧ್ಯೆ ತಳ್ಳಿಸಿಕೊಂಡು ಹೋಗುತ್ತಿದ್ದೆ. ಕಳೆದುಹೋದೇನು ಎಂಬ ಭಯವಿತ್ತೇ ಹೊರತು ಯಾರೂ ಇಲ್ಲದ ಜಾಗದ ಭಯ ಇರಲಿಲ್ಲ. ಅದೂ ನೆಲದ ಕೆಳಗಿನ ಸಿಮೆಂಟಿನ ಓಣಿ, ಇದೂ ಅದೇ. ಒಂದರಲ್ಲಿ ಆರು ವರ್ಷದ ಹುಡುಗಿ ನಲಿಯುತ್ತಾ ನಡೆದಳು, ಇನ್ನೊಂದರಲ್ಲಿ ಬಿ.ಎಡ್. ಮಾಡಿದ ಟೀಚರಿಗೆ ಉಸಿರು ಕಟ್ಟಿತು.

ಹೀಗೇಕೆ ಎಂದು ಆಮೇಲೆ ಸ್ವಲ್ಪ ಓದಿದೆ, ಸ್ವಲ್ಪ ಲೆಕ್ಕವನ್ನೂ ಹಾಕಿದೆ. ಲೆಕ್ಕದ ಪ್ರಕಾರ ಸಬ್‌ವೇ ಒಳ್ಳೆಯದೇ. ರಸ್ತೆಯ ಮೇಲೆ ಸ್ಕೈವಾಕ್ ಕಟ್ಟಬೇಕಾದರೆ ಕೆಳಗೆ ಲಾರಿ ಹೋಗಲು ಐದೂವರೆ ಮೀಟರ್ ಜಾಗ ಬಿಡಬೇಕು, ಅದರ ಮೇಲೆ ತೊಲೆ, ಚಪ್ಪಡಿ. 15 ಸೆಂಟಿಮೀಟರಿನ ಮೆಟ್ಟಿಲಾದರೆ 40ಕ್ಕೂ ಹೆಚ್ಚು ಬೇಕು. ನೆಲದ ಕೆಳಗೆ ನಡೆಯಲು ಮನುಷ್ಯನ ಎತ್ತರ ಬಿಟ್ಟರೆ ಸಾಕು. ನಮ್ಮ ಸಬ್‌ವೇಗೆ 22 ಮೆಟ್ಟಿಲು, ಅಂದರೆ 3.3 ಮೀಟರ್ ಆಳ. ಮೊಣಕಾಲು ನೋವಿನ ಅಜ್ಜಿಗೆ ಅರ್ಧದಷ್ಟು ಶ್ರಮ ಉಳಿಯಿತು. ಆದರೆ ಗಾಲಿಕುರ್ಚಿಯವರಿಗೆ 22 ಆದರೇನು, ಎರಡಾದರೇನು? ಅವರಿಗೆ ಇಳಿಜಾರು ಬೇಕು. 12 ಮೀಟರಿಗೆ ಒಂದು ಮೀಟರ್ ಇಳಿಯುವಂತಿರಬೇಕು ಎಂಬುದು ರೂಢಿಯ ಅಳತೆ. ಹಾಗಿದ್ದರೆ ಒಂದು ಬದಿಗೇ ಸುಮಾರು 40 ಮೀಟರ್ ಉದ್ದದ ಇಳಿಜಾರು ಕಟ್ಟಬೇಕು. ಹಳೆಯ ಪೇಟೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಇಲ್ಲದಿದ್ದರೆ ಲಿಫ್ಟ್ ಇಡಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ನಮ್ಮ ಸಬ್‌ವೇಯಲ್ಲಿ ಇಳಿಜಾರೂ ಇಲ್ಲ, ಲಿಫ್ಟೂ ಇಲ್ಲ.

ಇನ್ನೊಂದು ಲೆಕ್ಕ ಮಕ್ಕಳ ಜೊತೆಯಲ್ಲೇ ಮಾಡಿದ್ದು. ರಸ್ತೆ 24 ಮೀಟರ್ ಅಗಲ. ನಡೆಯುವವರು ಸೆಕೆಂಡಿಗೆ 1.2 ಮೀಟರ್ ಸಾಗುತ್ತಾರೆ ಎಂಬ ಅಂದಾಜಿನಲ್ಲಿ ಸಿಗ್ನಲ್ ಸಮಯ ಗೊತ್ತುಮಾಡುತ್ತಾರೆ. ಅಂದರೆ 20 ಸೆಕೆಂಡಿನ ಹಸಿರು ದೀಪ ಸಿಕ್ಕರೆ ದಾಟಬಹುದು. ಸಬ್‌ವೇಯಲ್ಲಿ ನಾನು ಗಡಿಯಾರ ನೋಡಿ ನಡೆದಾಗ ಒಂದೂವರೆ ನಿಮಿಷ ಹಿಡಿಯಿತು. ಮಕ್ಕಳೇ ಕೇಳಿದರು, "ಟೀಚರ್, ಗಾಡಿಗಳು 20 ಸೆಕೆಂಡ್ ನಿಂತರೆ ಆಗಲ್ವಾ?" ಅವರಿಗೆ ಗೊತ್ತಿಲ್ಲದಿದ್ದರೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಒಲವೂ ಆ ಕಡೆಗೇ ಇದೆ: ಸಾಧ್ಯವಿದ್ದಲ್ಲೆಲ್ಲ ನೆಲದ ಮಟ್ಟದಲ್ಲೇ ದಾಟುವ ವ್ಯವಸ್ಥೆ ಮಾಡಬೇಕು. ಮೇಲೆ ಹತ್ತಿಸುವುದೂ ಕೆಳಗೆ ಇಳಿಸುವುದೂ ಆಮೇಲಿನ ಮಾತು. ಸಬ್‌ವೇ ಪಾದಚಾರಿಗಳಿಗಾಗಿ ಎಂದು ಫಲಕದಲ್ಲಿ ಬರೆದಿರುತ್ತದೆ. ಗಾಡಿ ನಿಲ್ಲಬಾರದು ಎಂಬುದಕ್ಕಾಗಿ ಅದು ಇದೆ ಎಂದು ನನಗನ್ನಿಸುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸರ್ಕಾರವೇ ಪ್ರಕಟಿಸಿದ ಅಂಕಿ. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ಅಂಗಡಿಗಳ ವಿಚಾರ ಹಳೆಯದು. ಲಂಡನ್ನಿನಲ್ಲಿ ಥೇಮ್ಸ್ ನದಿಯ ತಳದಲ್ಲಿ 1843ರಲ್ಲಿ ಒಂದು ಸುರಂಗ ತೆರೆದರು. ಗಾಡಿಗಳಿಗೆಂದು ಯೋಚಿಸಿದ್ದು, ಹಣ ಸಾಲದೆ ನಡೆಯುವವರಿಗೆ ಮಾತ್ರ ಆಯಿತು. ತಲೆಗೊಂದು ಪೆನ್ನಿ ಶುಲ್ಕ, ಕಮಾನುಗಳ ಕೆಳಗೆ ಸಣ್ಣ ಸಣ್ಣ ಅಂಗಡಿಗಳು. ಆರಂಭದಲ್ಲಿ ಲಕ್ಷಾಂತರ ಜನ ಬಂದರು. ಬರಬರುತ್ತಾ ಆ ಭರಾಟೆ ಇಳಿದು ಕಳ್ಳಕಾಕರ ತಾಣವೆಂಬ ಕೆಟ್ಟ ಹೆಸರು ಬಂತು. ಕಡೆಗೆ 1865ರಲ್ಲಿ ರೈಲ್ವೆ ಕಂಪನಿಯೊಂದು ಕೊಂಡುಕೊಂಡಿತು, 1869ರಿಂದ ಅದರಲ್ಲಿ ರೈಲು ಓಡುತ್ತಿದೆ. ನದಿಯ ಕೆಳಗೆ ಸುರಂಗ ಕೊರೆಯುವ ವಿದ್ಯೆ ಇದ್ದವರಿಗೂ ಅದರೊಳಗೆ ಜನರನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು ನೋಡಿ.

ಈಗ ಆ ಎರಡನೇ ಬೆಂಚಿನ ಹುಡುಗಿಯ ಮಾತಿಗೆ ಬರುತ್ತೇನೆ. ಹೆಸರು ಬೇಡ. ಕನ್ನಡದಲ್ಲಿ ನನ್ನ ತರಗತಿಗೆ ಮೊದಲಿಗಳು. ಮನೆಮಾತು ಉರ್ದು ಆದರೂ ಒತ್ತಕ್ಷರ ತಪ್ಪುತ್ತಿರಲಿಲ್ಲ. ತಂದೆ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ, ತಾಯಿ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಮಾರ್ಚಿಯಲ್ಲಿ 7ನೇ ತರಗತಿ ಮುಗಿಯಿತು. ಜೂನ್‌ನಲ್ಲಿ ಪ್ರೌಢಶಾಲೆಯಿಂದ ದಾಖಲಾತಿ ಪಟ್ಟಿ ತರಿಸಿ ನೋಡಿದರೆ ಅವಳ ಹೆಸರಿಲ್ಲ. ಶಾಲೆ ಬಿಟ್ಟ ಮಕ್ಕಳ ನಮೂನೆಯಲ್ಲಿ ಕಾರಣದ ಕಾಲಂ ಇರುತ್ತದೆ. ಮನೆಗೆ ಹೋಗದೆ, ಯಾರನ್ನೂ ಕೇಳದೆ, "ಪೋಷಕರ ನಿರಾಸಕ್ತಿ" ಎಂದು ಬರೆದೆ. ಪ್ರತಿ ವರ್ಷ ಹಾಗೆಯೇ ಬರೆಯುತ್ತಿದ್ದೆವು. ಕೈಗೆ ಅಭ್ಯಾಸವಾಗಿತ್ತು.

ಜುಲೈನಲ್ಲಿ ಬೇರೆ ಯಾವುದೋ ಕೆಲಸಕ್ಕೆ ಅವರ ಗಲ್ಲಿಗೆ ಹೋದಾಗ ಆ ತಾಯಿ ಕರೆದು ಕೂರಿಸಿ ಚಹಾ ಕೊಟ್ಟರು. ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ, ಇಷ್ಟು ಜಾಣ ಮಗುವನ್ನು ಯಾಕೆ ನಿಲ್ಲಿಸಿದಿರಿ ಎಂದು. ಅವರು ತಮ್ಮ ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ: "ಓದಿಸಲ್ಲ ಅಂತ ನಾವು ಯಾವಾಗ ಹೇಳಿದ್ವಿ ಟೀಚರಮ್ಮ? ಅವರ ಅಬ್ಬಾ ಬೆಳಗಿನ ಜಾವವೇ ಮಾರ್ಕೆಟ್‌ಗೆ ಹೋಗ್ತಾರೆ. ನನ್ನ ತೊಡೆ ಮೇಲೆ ಚಿಕ್ಕವನಿದಾನೆ. ನೀವೇ ಹೇಳಿ, ಅವಳನ್ನ ಆ ಗುಂಡಿಯೊಳಗೆ ಕಳಿಸಲಾ, ಇಲ್ಲ ಬಸ್ಸಿನ ಮುಂದೆ ಕಳಿಸಲಾ?" ಹುಡುಗಿ ಬಾಗಿಲ ಪಕ್ಕದಲ್ಲಿ ಊದುಬತ್ತಿ ಹೊಸೆಯುತ್ತಾ ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

ನಾನು ಬರೆದ ಆ ಎರಡು ಪದಗಳು ಅಷ್ಟೊತ್ತಿಗೆ ಕಚೇರಿ ತಲುಪಿ ಅಂಕಿಅಂಶವಾಗಿ ಹೋಗಿದ್ದವು. ನಾವು ಈ ವೇದಿಕೆಯಲ್ಲಿ ಪ್ರತಿ ವರ್ಷ ಓದುವ ಪಟ್ಟಿಗಳು ಇಂಥ ಕಾಲಂಗಳಿಂದಲೇ ಬರುತ್ತವೆ, ದಯವಿಟ್ಟು ಗಮನಿಸಿ. ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದರ ಮಾದರಿ ನಿಯಮಗಳಲ್ಲಿ 5ನೇ ತರಗತಿಯವರೆಗೆ ಒಂದು ಕಿಲೋಮೀಟರ್, 8ರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂದಿದೆ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯವಿದ್ದರೆ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕು ಎಂದೂ ಇದೆ. ಅಲ್ಲಿ ಗುಡ್ಡ ಕುಸಿತ, ನೆರೆ ಮುಂತಾದವನ್ನು ಹೆಸರಿಸಿದ್ದಾರೆ. ನಗರದ ಮುಖ್ಯರಸ್ತೆಯೂ ನೆರೆ ಬಂದ ಹೊಳೆಯೇ ತಾನೆ? ನಕ್ಷೆಯ ಮೇಲೆ ನಮ್ಮ ಪ್ರೌಢಶಾಲೆ ಅರ್ಧ ಕಿಲೋಮೀಟರೂ ಇಲ್ಲ, ನಿಯಮ ಪಾಲನೆಯಾಗಿದೆ, ಮಗು ಮನೆಯಲ್ಲಿದೆ.

ಅಲ್ಲಿಂದ ಮುಂದೆ ಮಾಡಿದ್ದೇನೂ ದೊಡ್ಡ ಕೆಲಸವಲ್ಲ. ನಾನೂ ನನ್ನ ಸಹೋದ್ಯೋಗಿಯೂ ಒಂದು ಬೆಳಿಗ್ಗೆ 8ರಿಂದ 9ರವರೆಗೆ ಎರಡು ಕಡೆ ನಿಂತು ಎಣಿಸಿದೆವು. ಬೇಲಿಯ ಸಂದಿಯಲ್ಲಿ ದಾಟಿದವರು 400ರ ಮೇಲೆ. ಸಬ್‌ವೇಯಲ್ಲಿ ಹೋದವರು 61, ಅದರಲ್ಲಿ ಹೆಂಗಸರು ಏಳು ಜನ, ಆ ಏಳರಲ್ಲಿ ಐವರು ಒಟ್ಟಿಗೆ ಬಂದಿದ್ದವರು. ಅದನ್ನೇ ಬರೆದು, ತಾಯಂದಿರ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಸಹಿಗಿಂತ ಹೆಬ್ಬೆಟ್ಟು ಹೆಚ್ಚಿತ್ತು. ಮೂರು ಸಲ ಅಲೆದ ಮೇಲೆ ಒಬ್ಬ ಇಂಜಿನಿಯರು ಸಮಾಧಾನದಿಂದ ಮಾತನಾಡಿದರು. "ಮೇಡಂ, ದೀಪ ಹಾಕ್ತೀವಿ, ಕದೀತಾರೆ. ಈಗಾಗಲೇ ಮೂರು ಸಲ ಆಯ್ತು" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮವರೇ ಕದಿಯುತ್ತಾರೆ, ನಮ್ಮವರೇ ಗಲೀಜು ಮಾಡುತ್ತಾರೆ, ಇದನ್ನು ಬಾಯಿಬಿಟ್ಟು ಹೇಳಬೇಕು. ಹಿಂದೆ ತಿರುವಿನಲ್ಲಿ ಕೀ ರಿಪೇರಿಯ ಮುದುಕರೊಬ್ಬರು ಕೂರುತ್ತಿದ್ದರಂತೆ, ಆಗ ದೀಪ ಕಳವಾಗುತ್ತಿರಲಿಲ್ಲ ಎಂದು ಅವರೇ ನೆನಪಿಸಿಕೊಂಡರು. ಒತ್ತುವರಿ ತೆರವಿನಲ್ಲಿ ಮುದುಕರನ್ನು ಎಬ್ಬಿಸಿದ್ದರು. ಕಾವಲುಗಾರನನ್ನು ಸಂಬಳವಿಲ್ಲದೆ ಇಟ್ಟುಕೊಂಡಿದ್ದು, ಆಮೇಲೆ ಅವರನ್ನೇ ಅಡ್ಡಿ ಎಂದು ಕರೆದದ್ದು!

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸಬ್‌ವೇ ತುಂಬ ಅಂಗಡಿ ಇಟ್ಟರೆ ನಡೆಯಲು ಜಾಗವಿಲ್ಲದೆ, ಕುರುಡರು ಮುಗ್ಗರಿಸಿ, ಅವಘಡವಾದಾಗ ಓಡಲೂ ಆಗದೆ ಅದು ಇನ್ನೊಂದು ಅಪಾಯ. ನಾವು ಕೇಳಿದ್ದು ಎರಡೇ ಜನರಿಗೆ, ಎರಡು ಬಾಯಿಯ ಹತ್ತಿರ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿರುವುದರಿಂದ ಹಾಗೆ ಕೇಳಲು ದಾರಿಯೂ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡಚಣೆಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ ಎಂದು ಹೇಳಿದೆ. ಆ ಪತ್ರಿಕಾ ವರದಿಯನ್ನು ಕತ್ತರಿಸಿ ನಮ್ಮ ಕೊನೆಯ ಅರ್ಜಿಗೆ ಅಂಟಿಸಿದ್ದೆವು. ಕಾನೂನಿನ ಕಾಗದ ಕಂಡರೆ ಕಚೇರಿಯಲ್ಲಿ ಕುರ್ಚಿ ಬೇಗ ಸಿಗುತ್ತದೆ, ಇದು ನನ್ನ ಅನುಭವ.

ಈಗ ಏನಾಗಿದೆ? ಹತ್ತು ದೀಪ ಉರಿಯುತ್ತವೆ, ಅವಕ್ಕೆ ಜಾಲರಿ ಹಾಕಿದ್ದಾರೆ. ಈಚೆ ಬಾಯಿಯಲ್ಲಿ ಹೂವಿನಮ್ಮ ಕೂರುತ್ತಾರೆ, ಆಚೆ ಒಬ್ಬ ಹುಡುಗ ಮೊಬೈಲ್ ಕವರ್ ಮಾರುತ್ತಾನೆ. ಬೆಳಿಗ್ಗೆ 8:40ಕ್ಕೆ ಮಕ್ಕಳು ಮೆಟ್ಟಿಲ ಹತ್ತಿರ ಸೇರುತ್ತಾರೆ, ಸರದಿಯ ಮೇಲೆ ಇಬ್ಬರು ತಾಯಂದಿರು ಜೊತೆಗೆ ಹೋಗುತ್ತಾರೆ. ಮೊದಲ ವಾರ ತಾಯಂದಿರೇ ಪೊರಕೆ ಹಿಡಿದು ಮೆಟ್ಟಿಲು ಗುಡಿಸಿದರು. ದಾರಿಯ ಮುಳ್ಳು ಕಲ್ಲು ಸರಿಸುವುದೂ ಸದಕಾ ಎಂದು ದೀನಿಯಾತ್‌ನಲ್ಲಿ ಮಕ್ಕಳಿಗೆ ಕಲಿಸುತ್ತೇವಲ್ಲ, ಮಕ್ಕಳು ಅದನ್ನು ಕಣ್ಣಾರೆ ನೋಡಿದರು. ಆ ಹುಡುಗಿ ಒಂದು ವರ್ಷ ಕಳೆದುಕೊಂಡು ಮರುವರ್ಷ 8ನೇ ತರಗತಿಗೆ ಸೇರಿದಳು. ತನಗಿಂತ ಚಿಕ್ಕವರ ಜೊತೆ ಕೂರುವುದು ಅವಳಿಗೆ ನಾಚಿಕೆ. ಆ ವರ್ಷವನ್ನು ಹಿಂದಕ್ಕೆ ಕೊಡಲು ನನ್ನಿಂದಾಗುವುದಿಲ್ಲ. ಈ ಜೂನ್‌ನಲ್ಲಿ ನಮ್ಮಿಂದ ಹೋಗಬೇಕಿದ್ದ ಹನ್ನೊಂದು ಹೆಣ್ಣುಮಕ್ಕಳಲ್ಲಿ ಒಂಬತ್ತು ಜನ ಸೇರಿದ್ದಾರೆ. ಒಬ್ಬಳು ಊರಿಗೆ ಹೋದಳು. ಒಬ್ಬಳು ಇನ್ನೂ ಮನೆಯಲ್ಲಿದ್ದಾಳೆ, ಅವಳಿಗೆ ಪೋಲಿಯೋ ಆಗಿದೆ, 22 ಮೆಟ್ಟಿಲು ಅವಳಿಂದ ಆಗುವುದಿಲ್ಲ.

ಮಳೆ ಬಂದ ದಿನ ಎಲ್ಲವೂ ನಿಲ್ಲುತ್ತದೆ. ನೀರು ತಗ್ಗಿಗೆ ಹರಿಯುತ್ತದೆ, ಪಂಪು ಇದೆ, ಅದನ್ನು ಚಾಲೂ ಮಾಡುವವರು ಬರಬೇಕು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದು ವಾಹನಗಳ ದಾರಿ, ಇದು ನಡೆಯುವವರದು, ಆದರೆ ತಾಯಂದಿರ ಮನಸ್ಸಿನಲ್ಲಿ ಆ ವ್ಯತ್ಯಾಸ ಉಳಿದಿಲ್ಲ. ಮೋಡ ಕವಿದರೆ ಮಕ್ಕಳನ್ನು ಮನೆಯಲ್ಲೇ ಕೂರಿಸುತ್ತಾರೆ. ಹೋದ ಮಳೆಗಾಲದಲ್ಲಿ ಪ್ರೌಢಶಾಲೆಯ ಹಾಜರಿ ನೋಡಿದೆ, ಮಳೆಯ ದಿನಗಳೆಲ್ಲ ಖಾಲಿ ಖಾಲಿ.

ಆದ್ದರಿಂದ ಸಂಸ್ಥೆಯ ಮುಂದೆ ನನ್ನ ಕೋರಿಕೆ ಎರಡು. ಮೊದಲನೆಯದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ ಸಂಜೆ ಮಕ್ಕಳನ್ನು ದಾಟಿಸಲು ಒಬ್ಬ ಆಯಾಗೆ ಸಂಬಳ ಕೊಡಿ. ನೀರು ತುಂಬಿದ ದಿನ ಸಿಗ್ನಲ್ ಇರುವ ದೂರದ ವೃತ್ತದವರೆಗೆ ನಡೆಸಿಕೊಂಡು ಹೋಗಬೇಕು. ಅದು ಒಂದು ಕಿಲೋಮೀಟರಿಗೂ ಹೆಚ್ಚು ಸುತ್ತು, ಸರದಿಯ ತಾಯಂದಿರಿಂದ ಆಗುವ ಕೆಲಸವಲ್ಲ. ಪೋಲಿಯೋ ಆದ ಹುಡುಗಿಯನ್ನೂ ಅದೇ ದಾರಿಯಲ್ಲಿ ಆಟೋದಲ್ಲಿ ಕಳಿಸಬಹುದು, ಆ ಖರ್ಚನ್ನೂ ಸೇರಿಸಿ ಲೆಕ್ಕ ಬರೆದಿದ್ದೇನೆ. ಎರಡನೆಯದಕ್ಕೆ ಖರ್ಚೇ ಇಲ್ಲ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಆದಾಯ, ಅಂಕ, ರೇಷನ್ ಕಾರ್ಡ್ ಎಲ್ಲವನ್ನೂ ಕೇಳುತ್ತೇವೆ. "ಮನೆಯಿಂದ ಶಾಲೆಗೆ ಯಾವ ದಾರಿಯಲ್ಲಿ ಬರುತ್ತೀರಿ? ಎಲ್ಲಿ ರಸ್ತೆ ದಾಟುತ್ತೀರಿ?" ಎಂದು ಒಂದು ಸಾಲು ಸೇರಿಸಿ. ಬಂದ ಉತ್ತರಗಳನ್ನು ಓದಲು ನಾನು ಕೂರುತ್ತೇನೆ.

ಕರಡು ಕಾರ್ಯದರ್ಶಿಗಳ ಕೈಯಲ್ಲಿದೆ. ನಿರ್ಧರಿಸುವ ಮೊದಲು ಸಮಿತಿಯ ಸದಸ್ಯರು ಒಮ್ಮೆ ನಮ್ಮ ಜೊತೆ ಸಬ್‌ವೇಯಲ್ಲಿ ನಡೆಯಬೇಕೆಂದು ವಿನಂತಿ. ಸೋಮವಾರ ಬೆಳಿಗ್ಗೆ 8:40ಕ್ಕೆ ಹೂವಿನಮ್ಮನ ಪಕ್ಕದ ಮೆಟ್ಟಿಲ ಹತ್ತಿರ ನಾವು ಇರುತ್ತೇವೆ. ಐದು ನಿಮಿಷ ಕಾಯುತ್ತೇವೆ, ಆಮೇಲೆ ಮಕ್ಕಳಿಗೆ ಹೊತ್ತಾಗುತ್ತದೆ.